ಋಷಿಯ ಕೈಗಡಿಯಾರ

ಹುಚ್ಚರಂಗಯ್ಯನನ್ನು ಸಿದ್ದಮ್ಮನ ನಡುಮನೆಯಿಂದ ಹೊರಗೆ ಹಾಕಿಸಿದ್ದು ಒಬ್ಬ ಋಷಿಯ ಕೈಗಡಿಯಾರ.

ಹಾಲ್ಕುರಿಕೆಯ ಆ ಬೀದಿಗೆಲ್ಲ ಇದ್ದದ್ದು ಸಿದ್ದಮ್ಮನದೊಂದೇ ಟೀವಿ. ಭಾನುವಾರ ಬೆಳಗ್ಗೆ ಪುರಾಣದ ಧಾರಾವಾಹಿ ಶುರುವಾಗುವ ಮೊದಲು ಅವಳು ಟೀವಿಗೆ ಕುಂಕುಮವಿಟ್ಟು, ಕಾಯಿ ಒಡೆದು, ಕರ್ಪೂರ ಬೆಳಗುತ್ತಿದ್ದಳು. ಬಂದವರು ಎಕ್ಕಡ ಹೊರಗೆ ಬಿಟ್ಟು ಕೈಮುಗಿದು ಕೂರುತ್ತಿದ್ದರು. ಆ ಭಾನುವಾರ ಋಷಿ ಶಾಪ ಕೊಡಲು ಕೈಯೆತ್ತಿದ. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ವಾಚು ಕಣ್ರಪ್ಪೋ! ಟೈಮ್ ನೋಡ್ಕೊಂಡು ಶಾಪ ಕೊಡ್ತಾವ್ನೆ!" ಎಂದ ಹುಚ್ಚರಂಗಯ್ಯ.

ನಡುಮನೆ ಗೊಳ್ಳೆಂದಿತು. ಶಾಪ ಯಾರಿಗೆ ತಗುಲಿತೆಂದು ಯಾರಿಗೂ ತಿಳಿಯಲಿಲ್ಲ. ಹಿಂದಿನ ವಾರ ರಥದ ಹಿಂದೆ ಲೈಟುಕಂಬ ಕಂಡವನೂ ಇವನೇ, ಅದಕ್ಕೂ ಮೊದಲು ರಾಜಸಭೆಯ ಮೂಲೆಯಲ್ಲಿ ಪ್ಯಾಂಟಿನವನನ್ನು ಹಿಡಿದವನೂ ಇವನೇ.

"ದೇವ್ರ ಕತೆ ಕೆಡಿಸ್ತೀಯಲ್ಲಯ್ಯ! ಇನ್ಮೇಲೆ ಕಿಟಕಿ ಆಚೆ ನಿಂತ್ಕೊಂಡು ನೋಡು," ಎಂದಳು ಸಿದ್ದಮ್ಮ.

ಕಿಟಕಿಯಿಂದ ಟೀವಿ ಅರ್ಧವೇ ಕಾಣುತ್ತಿತ್ತು. ಅರ್ಧ ರಾಜ, ಅರ್ಧ ಆನೆ. ಕಾಣದ ಅರ್ಧದಲ್ಲಿ ಎಂತೆಂಥ ತಪ್ಪುಗಳು ತಪ್ಪಿಸಿಕೊಂಡು ಹೋಗುತ್ತಿವೆಯೋ ಎಂದು ಹುಚ್ಚರಂಗಯ್ಯನ ಹೊಟ್ಟೆ ಉರಿಯುತ್ತಿತ್ತು.

ಹೀಗಿರುವಾಗ ಕೃಷಿ ಕಾರ್ಯಕ್ರಮಕ್ಕೆ ಚಿತ್ರ ತೆಗೆಯಲು ಬೆಂಗಳೂರಿನಿಂದ ಟೀವಿಯವರು ಸಿದ್ದಮ್ಮನ ಮನೆಗೇ ಬಂದರು. ಅವಳ ಅಟ್ಟದ ಉಂಡೆ ಕೊಬ್ಬರಿ ಎಂದರೆ ತಿಪಟೂರಿನ ಮಂಡಿಯಲ್ಲಿ ಹೆಸರು. ಹುಚ್ಚರಂಗಯ್ಯ ಬೇಲಿ ದಾಟಿ ಓಡಿಬಂದ.

"ಸಿದ್ದಕ್ಕ, ನಾನೂ ಇರ್ತೀನಿ. ತಪ್ಪುಗಿಪ್ಪು ಆದ್ರೆ ನೋಡ್ಕೊಳೋಕೆ."

"ಇರು. ಬಾಯಿ ಬಿಟ್ಟೆ ಅಂದ್ರೆ ಕಿಟಕೀನೂ ಮುಚ್ಚುಸ್ತೀನಿ. ಸುಮ್ಕಿದ್ರೆ, ಇದು ಟೀವೀಲಿ ಬರೋ ದಿನದಿಂದ ಮತ್ತೆ ಒಳಗೆ ಕೂತ್ಕೊ."

ಸಿದ್ದಮ್ಮ ಮದುವೆಯ ರೇಷ್ಮೆ ಸೀರೆಯುಟ್ಟು ಅಂಗಳದಲ್ಲಿ ಕೂತಳು. ರೇಷ್ಮೆ ಉಟ್ಟು ಕಾಯಿ ಚಚ್ಚುವವರುಂಟೇ! ಹುಚ್ಚರಂಗಯ್ಯ ಮಾತನ್ನು ಬಿಸಿ ಮುದ್ದೆಯಂತೆ ನುಂಗಿಕೊಂಡ. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯನ್ನು ಅವಳು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗಿನ ಕೊಬ್ಬರಿ ಗುಡುಗುಡು ಎಂದಿತು. ಕ್ಯಾಮೆರಾ ಓಡುತ್ತಿತ್ತು.

ಆಗ ಅವನಿಗೆ ಕಂಡಿತು. ಸಿದ್ದಮ್ಮನ ಬೆನ್ನ ಹಿಂದೆ, ಚಿಪ್ಪಿನ ರಾಶಿಯ ಪಕ್ಕ, ಕೆಂಪು ಪ್ಲಾಸ್ಟಿಕ್ ಬಕೆಟ್ಟು! ಋಷಿಯ ಕೈಯ ವಾಚಿನಂತೆ ಹೊಳೆಯುತ್ತಿತ್ತು. ಕೂಗಿದರೆ ಕಿಟಕಿಯೂ ಹೋಯಿತು; ಸುಮ್ಮನಿದ್ದರೆ ನಾಡೆಲ್ಲ ನಗುತ್ತದೆ. ಪಂಚೆ ಮೇಲೆತ್ತಿ ಕಟ್ಟಿ, ತಲೆಗೆ ಟವೆಲು ಸುತ್ತಿ, ಮಂಡಿಯೂರಿ ಹಿಂದಿನಿಂದ ತೆವಳಿದ. ಬಕೆಟ್ಟು ಎಳೆದುಕೊಂಡು ಗೋಡೆಯ ಮರೆ ಸೇರಿದ. ಕ್ಯಾಮೆರಾದವನ ಕಣ್ಣು ಕೊಬ್ಬರಿಯ ಮೇಲಿತ್ತು. ಯಾರೂ ನೋಡಲಿಲ್ಲ. ಊರಿನ ಮಾನ ಉಳಿಸಿದ ಸಮಾಧಾನದಲ್ಲಿ ಹುಚ್ಚರಂಗಯ್ಯ ಮನೆಗೆ ಹೋದ.

ಅದು ಟೀವಿಯಲ್ಲಿ ಬರುವಷ್ಟರಲ್ಲಿ ಬೇಸಿಗೆ ಕಳೆದು ಮಳೆಗಾಲ ಬಂದಿತ್ತು. ಬಕೆಟ್ಟಿನ ಸಂಗತಿಯನ್ನು ಅವನೇ ಮರೆತಿದ್ದ. ಆ ಸಂಜೆ ಅವನಿಗೆ ಮುಂದಿನ ಸಾಲಿನಲ್ಲೇ ಜಾಗ. ಪಕ್ಕದಲ್ಲಿ ಹೆಂಡತಿ ಅಂಕಮ್ಮ. ಟೀವಿಯ ಸಿದ್ದಮ್ಮ ಕಾಯಿ ಅಲ್ಲಾಡಿಸಿದಳು. ಚಾಪೆಯ ಮೇಲಿನ ಸಿದ್ದಮ್ಮ ಕಣ್ಣೊರೆಸಿಕೊಂಡಳು.

"ಎಂಗ್ ಕಾಣ್ತಾಳ್ ನೋಡೇ, ಮದುವಣಗಿತ್ತಿ ಕಂಡಂಗೆ!" ಎಂದು ಮುದುಕಿಯೊಬ್ಬಳು ನೆಟಿಕೆ ಮುರಿದಳು. ಎಲ್ಲರ ಕಣ್ಣೂ ರೇಷ್ಮೆ ಸೀರೆಯ ಮೇಲೆಯೇ.

ಒಬ್ಬನದನ್ನು ಬಿಟ್ಟು.

"ಅಲ್ನೋಡ್ರಪ್ಪೋ! ಹಿಂದ್ಗಡೆ ಟೀವಿಯೋನು ಯಾವನೋ ತೆವಳ್ಕೊಂಡು ಹೋಯ್ತಾವ್ನೆ! ಬೆಂಗಳೂರಿಂದ ಬಂದವ್ರೆ, ಇಷ್ಟೂ ಕಾಣಕ್ಕಿಲ್ವಾ? ಥೂ, ಚಡ್ಡಿಗೆ ಹೂವಿನ ಸೀರೆ ತೇಪೆ ಬೇರೆ!"

ಅಲ್ಲಿಯವರೆಗೆ ಒಬ್ಬರಿಗೂ ಕಾಣದಿದ್ದದ್ದು ಈಗ ನಡುಮನೆಗೆಲ್ಲ ಕಂಡಿತು. ಅಂಕಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

"ಮೆತ್ತಗೆ ಕಣ್ರೀ," ಎಂದಳು. "ಆ ತೇಪೆ ಹಾಕಿದೋಳು ನಾನೇ."

ಮುಂದಿನ ಭಾನುವಾರ ಕರ್ಪೂರ ಬೆಳಗಿ ಮುಗಿಸಿದ ಸಿದ್ದಮ್ಮ ಕಿಟಕಿಯತ್ತ ತಿರುಗಿದಳು.

"ಇನ್ನೂ ಒಸಿ ಹಿಂದಕ್ಕೆ ಹೋಗಯ್ಯ. ಟೀವಿಯೊಳಕ್ಕೆ ಬಂದ್ಬುಟ್ಟೀಯ!"