ಬದನೇಕಾಯಿ ಬಣ್ಣದ ಟೀಮು ಮತ್ತು ನಮ್ಮ ಭಾವ

೧೯೯೬ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ಕ್ಲಾಸು, ಅದೂ ಅರ್ಧಕ್ಕೆ. ಅಲ್ಲಿಂದಾಚೆ ಕಲಿತದ್ದನ್ನೆಲ್ಲ ಕೈಯಿಂದಲೇ ಕಲಿತೆ. ಅರಸೀಕೆರೆಯ ಒಂದು ಗ್ರಿಲ್ ಅಂಗಡಿಯಲ್ಲಿ ಕಂಬಿ ಹಿಡಿದುಕೊಂಡು ನಿಲ್ಲುವ ಕೆಲಸಕ್ಕೆ ಸೇರಿ, ಕೊಯ್ಯುವುದು, ಬಗ್ಗಿಸುವುದು, ಬೆಸೆಯುವುದು ಎಲ್ಲ ಕಲಿತು, ಈಗ ಸ್ವಂತ ವರ್ಕ್‌ಶಾಪು ಇಟ್ಟಿದ್ದೇನೆ. ನಾನು ಮಾಡಿಕೊಟ್ಟ ಗೇಟು ಕಿರುಗುಟ್ಟುತ್ತದೆ ಎಂದು ಈ ತಾಲ್ಲೂಕಿನಲ್ಲಿ ಯಾರಾದರೂ ಹೇಳಲಿ, ಇವತ್ತೇ ಹೋಗಿ ಬಿಚ್ಚಿಕೊಂಡು ಬರುತ್ತೇನೆ! ಇಷ್ಟೆಲ್ಲ ಕಲಿತ ನನಗೆ ಅರ್ಥವೇ ಆಗದ ಒಬ್ಬ ಮನುಷ್ಯ ಇದ್ದಾರೆ. ನಮ್ಮ ಅಕ್ಕನ ಗಂಡ, ಅಂದರೆ ನಮ್ಮ ಭಾವ.

ನೋಡಲು ಭಾವ ಸರಿಯಾಗಿಯೇ ಇದ್ದಾರೆ. ಮಾಲೇಕಲ್ಲಿನ ದಾರಿಯಲ್ಲಿ ತೆಂಗಿನ ತೋಟ, ಅಟ್ಟದ ತುಂಬ ಕೊಬ್ಬರಿಗೆ ಹಾಕಿದ ಕಾಯಿ, ಹಣೆಯ ಮೇಲೆ ವಿಭೂತಿ, ಹಿತಮಿತವಾದ ಮಾತು. ಸಂಜೆ ಟೀವಿ ಹಾಕುವವರೆಗೆ ಅವರಷ್ಟು ತೂಕದ ಮನುಷ್ಯ ಇನ್ನೊಬ್ಬರಿಲ್ಲ. ಟೀವಿ ಹಾಕಿದಿರೋ, ಮುಗಿಯಿತು!

ಹುಚ್ಚು ಯಾವುದರದ್ದು ಎನ್ನುತ್ತೀರಿ? ಕ್ರಿಕೆಟ್ಟಿನದಾಗಿದ್ದರೆ ಊರಲ್ಲಿ ಜೊತೆಯಾದರೂ ಸಿಗುತ್ತಿತ್ತು. ಇದು ಹಾಕಿ. ಅದರಲ್ಲೂ ದುಡ್ಡು ಕೊಟ್ಟು ಆಟಗಾರರನ್ನು ಕೊಂಡು ಆಡಿಸುವ ಹಾಕಿ ಲೀಗು. ಅದರಲ್ಲೂ ಉತ್ತರದ ಕಡೆಯ, ಭಾವ ಕನಸಿನಲ್ಲೂ ಕಾಣದ ಊರಿನ ಟೀಮು. ಅದರಲ್ಲೂ, ಪಾಯಿಂಟ್ ಪಟ್ಟಿಯನ್ನು ಕೆಳಗಿನಿಂದ ಓದಿದರೆ ಮೊದಲಿಗೇ ಸಿಗುವ ಟೀಮು! ಹೆಸರು ಹೇಳುವುದಿಲ್ಲ. ಹೇಳಿದರೆ ಅವರಿಗೆ ಬೇಜಾರಾಗುತ್ತದೋ ಇಲ್ಲವೋ, ಭಾವನಿಗಂತೂ ಆಗುತ್ತದೆ. ಬದನೇಕಾಯಿ ಬಣ್ಣದ ಅಂಗಿ ಹಾಕಿಕೊಂಡು ಆಡುತ್ತಾರೆ, ಇಷ್ಟು ಸಾಕು.

ಈ ನಂಟು ಬೆಳೆದದ್ದು ನನ್ನ ಖರ್ಚಿನಲ್ಲಿ. ನನ್ನ ವರ್ಕ್‌ಶಾಪಿನ ಹೊಸ ಶೆಡ್ಡಿಗೆ ಪೂಜೆ ಇಟ್ಟುಕೊಂಡಿದ್ದೆ. ಬಂದವರಿಗೆ ಕೊಡಲು ಎಳನೀರು ತರುವುದು, ಹಾಗೆಯೇ ರೈಲಿನಲ್ಲಿ ಬರುವ ನೆಂಟರೊಬ್ಬರನ್ನು ಜಂಕ್ಷನ್ನಿನಿಂದ ಕರೆತರುವುದು, ಇವೆರಡು ಭಾವನ ಪಾಲಿನ ಕೆಲಸ. ಅವರು ಲಗೇಜ್ ಆಟೋ ತುಂಬ ಎಳನೀರು ಹೇರಿಕೊಂಡು ಸ್ಟೇಷನ್ನಿಗೆ ಹೋದರೆ, ಅಲ್ಲಿ ಯಾವುದೋ ರೈಲಿನ ಎಂಜಿನ್ ಕೆಟ್ಟು ನಿಂತಿದೆ. ಪ್ಲಾಟ್‌ಫಾರ್ಮಿನ ಮೇಲೆ ಉದ್ದುದ್ದ ಚೀಲಗಳ ಮೇಲೆ ತಲೆಯಿಟ್ಟು ಬದನೇಕಾಯಿ ಬಣ್ಣದ ಅಂಗಿಯ ಎತ್ತರದ ಹುಡುಗರು ಬಿಸಿಲಿಗೆ ಬಾಡಿದ ಸೊಪ್ಪಿನ ಹಾಗೆ ಬಿದ್ದುಕೊಂಡಿದ್ದಾರೆ. ಬೇರೆ ಟೀಮಿನವರು ವಿಮಾನದಲ್ಲಿ ಓಡಾಡುತ್ತಿದ್ದ ಕಾಲ. ಇವರು ರೈಲಿನಲ್ಲಿ. ಅಲ್ಲಿಯೇ ತಿಳಿಯಬೇಕಿತ್ತು, ಇವರ ಹಣೆಬರಹ ಎಂಥದ್ದು ಅಂತ!

ಭಾವನಿಗೆ ಹಿಂದಿ ಬಾರದು, ಹುಡುಗರಿಗೆ ಕನ್ನಡ ಬಾರದು. ಮಚ್ಚು ಎತ್ತಿ ಎಳನೀರು ಕೆತ್ತಲು ಭಾಷೆ ಬೇಕೇ? ಎಂಜಿನ್ ಸರಿಹೋಗುವಷ್ಟರಲ್ಲಿ ಆಟೋ ಖಾಲಿ. ರೈಲು ಹತ್ತುವ ಮುಂಚೆ ಅವರ ಗೋಲ್‌ಕೀಪರ್ ಹುಡುಗ ಬಂದು ಭಾವನ ಕಾಲು ಮುಟ್ಟಿ ನಮಸ್ಕಾರ ಮಾಡಿದನಂತೆ. ಭಾವ ಅವನ ತಲೆಯ ಮೇಲೆ ಕೈಯಿಟ್ಟು, "ಗೆದ್ಕಂಡ್ ಬಾರಪ್ಪ" ಎಂದರಂತೆ. ಪೂಜೆಗೆ ಬಂದವರಿಗೆ ನಾನು ಗೋಲಿ ಸೋಡ ಕೊಟ್ಟೆ. ನೆಂಟರು? ಭಾವ ಅವರನ್ನು ಪ್ಲಾಟ್‌ಫಾರ್ಮಿನ ಮೇಲೆ ಮರೆತೇ ಬಂದಿದ್ದರು!

ಆ ರಾತ್ರಿಯೇ ಟೀಮು ಸೋತಿತು. ಮುಂದಿನದೂ ಸೋತಿತು. ನಾನು ಸುಮ್ಮನಿರಲಾರದೆ ಕೇಳಿದೆ, "ಭಾವ, ಸೋಲೋರ ಹಿಂದೆ ಯಾಕೆ ಬಿದ್ದಿದ್ದೀರ? ಗೆಲ್ಲೋ ಟೀಮೊಂದು ನೋಡ್ಕೊಳ್ಳಿ."

"ಲೋ, ಆ ಹುಡುಗ ಕಾಲು ಮುಟ್ಟವ್ನೆ. ನಾನು ಗೆದ್ಕಂಡ್ ಬಾ ಅಂದೀನಿ. ಅವ್ನು ಗೆಲ್ಲಗಂಟ ಆ ಮಾತು ನನ್ ತಲೆ ಮ್ಯಾಲೆ ಐತೆ ಕಣ್ಲಾ."

ಇದಕ್ಕೆ ಏನು ಹೇಳುತ್ತೀರಿ? ನಾವೆಲ್ಲ ದಿನಕ್ಕೆ ಹತ್ತು ಸಲ ಆಶೀರ್ವಾದ ಮಾಡಿ ಮರೆಯುವವರು. ಮಾಡಿದ ಆಶೀರ್ವಾದ ಫಲಿಸಿತೋ ಇಲ್ಲವೋ ಎಂದು ಪ್ರತಿ ಸಂಜೆ ಟೀವಿ ಮುಂದೆ ಕೂತು ಪರೀಕ್ಷೆ ಮಾಡುವ ಮನುಷ್ಯನನ್ನು ನಾನು ಇವರನ್ನು ಬಿಟ್ಟು ಬೇರೆ ಕಂಡಿಲ್ಲ.

ಆಮೇಲೆ ಭಾವನ ಕಣ್ಣಿಗೆ ಎಲ್ಲೆಲ್ಲೂ ಹಾಕಿಯೇ. ಒಮ್ಮೆ ಮನೆಮಂದಿಯೆಲ್ಲ ಬೇಲೂರು ಮುಗಿಸಿಕೊಂಡು ಹಳೇಬೀಡಿಗೆ ಹೋಗಿದ್ದೆವು. ನಮ್ಮ ಮುಂದೆ ಒಬ್ಬ ಗೈಡು ಯಾರಿಗೋ ಗೋಡೆಯ ಶಿಲ್ಪ ತೋರಿಸುತ್ತಿದ್ದ. ಭಾವ ಒಂದು ಸಣ್ಣ ಗೊಂಬೆಯ ಮುಂದೆ ನಿಂತವರು ಕದಲಲೇ ಇಲ್ಲ.

"ನೋಡ್ಲಾ, ಇವ್ನ ಕೈನಾಗಿರೋದು ಹಾಕಿ ಸ್ಟಿಕ್ಕು!"

ಗೈಡು ತಿರುಗಿ, "ಯಜಮಾನ್ರೇ, ಅದು ಚಾಮರ. ಅವನು ಸೇವಕ" ಎಂದ.

"ಚಾಮರ ಬೀಸೋನು ಹಿಂಗೆ ಮಂಡಿ ಬಗ್ಗಿಸಿ ನಿಲ್ತಾನೇನ್ರೀ? ಇದು ಪೆನಾಲ್ಟಿ ಕಾರ್ನರ್ ತಡಿಯಾಕೆ ನಿಂತಿರೋದು!"

ವಾದ ಎಷ್ಟು ಬೆಳೆಯಿತೆಂದರೆ, ನಾವು ಗುಡಿ ಸುತ್ತು ಹಾಕಿ ಮತ್ತೆ ಅಲ್ಲಿಗೆ ಬರುವ ಹೊತ್ತಿಗೆ ಅದೇ ಗೈಡು ಇನ್ನೊಂದು ಗುಂಪಿಗೆ, "ಕೆಲವರು ಇದನ್ನು ಹಾಕಿ ಅಂತಲೂ ಹೇಳ್ತಾರೆ" ಎನ್ನುತ್ತಿದ್ದ!

ಇನ್ನು ನನ್ನ ವೃತ್ತಿಗೆ ಬಂದ ಗಂಡಾಂತರ. ತೋಟದ ಗೇಟು ಮಾಡಿಕೊಡು ಎಂದರು, ಮಾಡಿದೆ. ಬಣ್ಣ? ಬದನೇಕಾಯಿಯದು! ಆ ಬಣ್ಣ ಬಳಿಯುವಾಗ ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿ, "ಏನ್ಲಾ, ಬಣ್ಣ ಅಗ್ಗಕ್ಕೆ ಸಿಕ್ತಾ?" ಎಂದು ಕೇಳಿ ಹೋದರು. ನಾನು ಮರ್ಯಾದಸ್ಥ, ಹಲ್ಲು ಕಚ್ಚಿ ಬಳಿದೆ. ಆಮೇಲೆ ಗೋಲ್ ಪೋಸ್ಟು ಬೇಕು ಎಂದರು. ಯಾರು ಆಡುತ್ತಾರೆ ಭಾವ ಎಂದರೆ, "ಯಾರೂ ಆಡಲ್ಲ. ಅದು ಎಷ್ಟು ದೊಡ್ಡದು ಅಂತ ನೋಡ್ಬೇಕು. ಆ ಹುಡುಗ ಒಬ್ನೇ ಅಷ್ಟಗಲ ಕಾಯ್ತಾನಲ್ಲ" ಎಂದರು. ಅಳತೆ ತಪ್ಪದಂತೆ ಮಾಡಿ ಅಂಗಳದಲ್ಲಿ ನಿಲ್ಲಿಸಿದೆ. ಭಾವ ಅದರ ನಡುವೆ ನಿಂತು, ಎರಡೂ ಕೈ ಅಗಲಿಸಿ, ಆ ಕಡೆ ಈ ಕಡೆ ನೋಡಿ, "ಪಾಪ ಕಣ್ಲಾ" ಎಂದರು. ಅಕ್ಕ ಮಾರನೇ ದಿನವೇ ಅದಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಹಾಕಿದಳು. ಅಕ್ಕನ ಸೀರೆಗಳು ಅಡ್ಡ ಇದ್ದಷ್ಟು ದಿನ ಆ ಗೋಲಿಗೆ ಒಂದು ಚೆಂಡೂ ನುಗ್ಗುತ್ತಿರಲಿಲ್ಲ. ಆ ಟೀಮಿನ ಡಿಫೆನ್ಸು ಅಷ್ಟು ಚೆನ್ನಾಗಿದ್ದರೆ ಈ ಪ್ರಬಂಧವೇ ಬೇಕಿರಲಿಲ್ಲ.

ಗೇಲಿ ಮಾಡುವವರಿಗೆ ಭಾವನದು ಒಂದೇ ಉತ್ತರ: "ಅಟ್ಟಕ್ಕೆ ಹಾಕಿದ ಕಾಯಿನ ವಾರವಾರ ಒಡೆದು ನೋಡ್ತೀರೇನ್ರಯ್ಯ? ಒಣಗ್ಲಿ, ಸುಮ್ನಿರಿ." ಕೊಬ್ಬರಿಯಾಗಲು ಕಾಯಿ ಅಟ್ಟದ ಮೇಲೆ ಹೆಚ್ಚುಕಮ್ಮಿ ವರ್ಷ ಕೂರಬೇಕು, ಒಪ್ಪಿದೆ. ಆದರೆ ವರ್ಷ ವರ್ಷವೂ ಕೂತೇ ಇದ್ದರೆ?

ಎದೆ ಒಡೆಯುವುದು ಆ ಟೀಮು ಸೋಲುವ ರೀತಿಯಿಂದ. ಪೂರ್ತಿ ಪಂದ್ಯ ಸಮಸಮ ಆಡಿ, ಕೊನೆಯ ನಿಮಿಷದಲ್ಲಿ ಗೋಲು ಬಿಟ್ಟುಕೊಡುತ್ತಾರೆ. ಯಾರದೋ ದೃಷ್ಟಿ ತಾಕಿದೆ ಎಂದು ಭಾವ ತೀರ್ಮಾನಿಸಿದರು. ಒಂದು ಸಂಜೆ ಪಂದ್ಯಕ್ಕೆ ಮುಂಚೆ ತೆಂಗಿನಕಾಯಿ ತಂದು, ಟೀವಿಗೆ ಇಳಿ ತೆಗೆದು, ಹೊಸ್ತಿಲ ಆಚೆ ಒಡೆದರು. ಕೊಳೆತ ಕಾಯಿ! ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೇನಿದೆ ಎಂದು ಹೇಳುವ ಮನುಷ್ಯ, ಟೀಮಿನ ಗಾಬರಿಯಲ್ಲಿ ಅಲ್ಲಾಡಿಸುವುದನ್ನೇ ಮರೆತಿದ್ದರು. ಆ ನಾತ ಮೂಗಿಗೆ ಬಡಿಯುತ್ತಿರುವಾಗಲೇ ಅವರು ಸೋತರು.

ಬಾಗಿಲು ತೊಳೆಯುತ್ತಿದ್ದ ಅಕ್ಕ ರೇಗಿದಳು. "ಟೀವಿಗ್ಯಾಕ್ರೀ ದೃಷ್ಟಿ ತೆಗೀತೀರ? ದಿನಾ ರೆಪ್ಪೆ ಬಡೀದಂಗೆ ನೋಡ್ತಾ ಕೂರೋರು ನೀವು. ನಿಮ್ ಕಣ್ಣೇ ತಾಕಿರೋದು ಆ ಹುಡುಗ್ರಿಗೆ!"

ನಾನು ಬಿದ್ದು ಬಿದ್ದು ನಕ್ಕೆ. ಅಕ್ಕನೂ ನಕ್ಕಳು. ಭಾವ ನಗಲಿಲ್ಲ. ಎದ್ದು ಟೀವಿ ಆರಿಸಿ, ಜಗಲಿಗೆ ಹೋಗಿ ಕೂತರು.

ಆ ವಾರವೇ ಪೇಪರಿನಲ್ಲಿ ಬಂತು. ಉಳಿದಿರುವುದು ಒಂದೇ ಪಂದ್ಯ. ಅದನ್ನು ಸೋತರೆ ಈ ಸಲವೂ ಕಟ್ಟಕಡೆಯ ಸ್ಥಾನ, ಹಾಗಾದರೆ ಮಾಲೀಕರು ಟೀಮನ್ನೇ ಮುಚ್ಚುತ್ತಾರೆ. ಭಾವ ನನಗೆ ಫೋನ್ ಮಾಡಿದರು. "ಆವತ್ತು ನಾನು ಮನೇಲಿರಲ್ಲ. ಇದ್ರೆ ನೋಡ್ಬಿಡ್ತೀನಿ. ಬೆಟ್ಟಕ್ಕೆ ಹೋಯ್ತೀನಿ. ನೀನೂ ಬತ್ತೀಯಾ?"

ಹೋದೆ. ಬೆಳಿಗ್ಗೆ ಎದ್ದು ಶಿವಪೂಜೆ ಮಾಡದೆ ನೀರು ಮುಟ್ಟದ ಭಾವ, ಸಂಜೆ ಮಾಲೇಕಲ್ಲಿನ ವೆಂಕಟರಮಣನ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದರು. "ಶಿವನ್ಗೆ ಹೇಳಿ ಹೇಳಿ ಅವ್ನಿಗೂ ಬೇಜಾರಾಗೈತೆ. ಇವ್ನ ಕಿವಿಗೂ ಒಂದ್ಸಲ ಹಾಕಾನ" ಎಂದರು. ನನ್ನ ಫೋನು ಜೇಬಿನಿಂದ ತೆಗೆಯಕೂಡದು ಎಂದು ಮಾತು ತೆಗೆದುಕೊಂಡರು.

ಕೈ ಮುಗಿದು ಬಂದು ಬಂಡೆಯ ಮೇಲೆ ಕೂತೆವು. ಕೆಳಗೆ ತೆಂಗಿನ ತೋಟಗಳ ಆಚೆ ಅರಸೀಕೆರೆ, ಒಂದು ರೈಲು ನಿಧಾನವಾಗಿ ಊರೊಳಗೆ ಹೋಗುತ್ತಿತ್ತು. ಆ ಹೊತ್ತಿಗೆ ಪಂದ್ಯ ಶುರುವಾಗಿರಬೇಕು. ಭಾವ ನನ್ನ ಜೇಬನ್ನೇ ನೋಡುತ್ತಿದ್ದರು. ಸಮಾಧಾನ ಹೇಳಲು ಹೋಗಿ ನನ್ನ ಮನಸ್ಸಿನಲ್ಲಿದ್ದುದನ್ನೇ ಹೇಳಿಬಿಟ್ಟೆ.

"ದೃಷ್ಟಿಯೂ ಇಲ್ಲ ಏನೂ ಇಲ್ಲ ಭಾವ. ಕಷ್ಟ ಬಿದ್ರೆ ಗೆಲ್ತಾರೆ. ಇವ್ರು ಸಾಲದು ಅಷ್ಟೆ. ನನ್ನೇ ನೋಡಿ, ನಾನು ಯಾರ ದಯೆಯಿಂದ ಮುಂದೆ ಬಂದೆ?"

ಭಾವ ಕೇಳಿದರು, "ನಿನ್ ಜೊತೆ ಕಂಬಿ ಹಿಡಿಯೋಕೆ ಸೇರಿದ್ರಲ್ಲ ಹುಡುಗ್ರು, ಎಲ್ಲಾ ಅಂಗಡಿ ಇಟ್ಟವ್ರಾ?"

"ಇಲ್ಲ."

"ನಿನ್ಗಿಂತ ಕಮ್ಮಿ ದುಡಿದ್ರಾ ಅವ್ರು?"

ನನ್ನ ಪಕ್ಕದಲ್ಲೇ, ನನಗಿಂತ ಮುಂಚೆ ಬಂದು ನನಗಿಂತ ಆಮೇಲೆ ಮನೆಗೆ ಹೋಗುತ್ತಿದ್ದ ಒಬ್ಬನಿದ್ದ. ಅವನ ಬೆಸುಗೆ ನನ್ನದಕ್ಕಿಂತ ನುಣುಪಾಗಿತ್ತು. ಅವನು ಇವತ್ತಿಗೂ ಬೇರೆಯವರ ಶೆಡ್ಡಿನಲ್ಲೇ ಕೆಲಸ ಮಾಡುತ್ತಾನೆ. ಇಷ್ಟು ವರ್ಷ ನಾನು ಗೆದ್ದದ್ದಕ್ಕೆ ಕಾರಣ ಕೇಳಿದವರಿಗೆಲ್ಲ ನನ್ನ ದುಡಿಮೆಯನ್ನೇ ತೋರಿಸಿದ್ದೆ. ಅವನು ಸೋತದ್ದಕ್ಕೆ ಕಾರಣ ಏನು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಬೆಳಕು ಇಳಿಯುತ್ತಿದ್ದಾಗ ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಭಾವ ಕಣ್ಣು ಮುಚ್ಚಿಕೊಂಡು, "ಎತ್ತು" ಎಂದರು.

ಅಕ್ಕ! ಆ ಕಡೆ ಅವಳ ಏದುಸಿರು. "ಲೋ, ಗೆದ್ರು ಕಣೋ! ಕೊನೇಲಿ ಅವ್ರಿಗೊಂದು ಕಾರ್ನರ್ ಸಿಕ್ತು, ಸತ್ವು ಅನ್ಕಂಡೆ. ನಮ್ ಹುಡುಗ ಉದ್ದಕ್ಕೂ ಬಿದ್ದು ಕಾಲಲ್ಲಿ ತಡೆದ! ನಿಮ್ ಭಾವಂಗೆ ಕೊಡು!"

"ಅಕ್ಕಾ, ನೀನು ನೋಡ್ತಿದ್ಯಾ?"

"ಇನ್ನೇನ್ ಮಾಡ್ಲಿ? ನಾನು ಅಂದಿದ್ಕೆ ತಾನೇ ಅವ್ರು ಎದ್ದೋಗಿದ್ದು? ಆ ಹುಡುಗ್ರು ಆಡೋವಾಗ ನಮ್ಮನೆಯಿಂದ ಯಾರಾದ್ರೂ ಒಬ್ರು ನೋಡ್ಬೇಕಲ್ಲ!"

ಭಾವ ಫೋನು ಹಿಡಿದು ಅವಳು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿಸಿ ಕೇಳಿದರು. ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮೆಟ್ಟಿಲಿಳಿಯುವಾಗ ಅವರಿಗೆ ಇನ್ನೊಂದು ಹೊಳೆಯಿತು, ಅಲ್ಲೇ ನಿಂತರು. "ಹಂಗಾರೆ ನನ್ ಕಣ್ಣೇ ಕಣ್ಲಾ. ಇನ್ನು ನಾನು ನೋಡಂಗಿಲ್ಲ."

ಟೀಮು ಮುಚ್ಚಲಿಲ್ಲ. ಭಾವ ನೋಡುವುದನ್ನು ಬಿಟ್ಟರು. ಪಂದ್ಯವಿದ್ದ ದಿನ ಅವರು ಜಗಲಿಯ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಾರೆ. ಒಳಗೆ ಅಕ್ಕ ಸೊಪ್ಪು ಬಿಡಿಸುತ್ತ ಟೀವಿ ಮುಂದೆ ಕೂತು ಕಿಟಕಿಯ ಕಡೆಗೆ ಕೂಗುತ್ತಾಳೆ: "ಉದ್ದನೇ ಹುಡುಗ ತಗಂಡು ಹೋಯ್ತಾವ್ನೆ... ಹೋಯ್ತಾವ್ನೆ... ಅಯ್ಯೋ, ಅವ್ರಿಗೇ ಕೊಟ್ಬಿಟ್ಟ ಕಣ್ರೀ! ನೀವು ತಿರುಗ್ಬೇಡಿ!" ಹಸಿರು ಕಾರ್ಡಿಗೆ ಎಷ್ಟು ಹೊತ್ತು ಹೊರಗಿರಬೇಕು, ಹಳದಿಗೆ ಎಷ್ಟು, ಎಲ್ಲ ಈಗ ಅವಳಿಗೆ ಬಾಯಿಪಾಠ. ಗೋಲ್‌ಕೀಪರನ ಮೇಲೆ ತಪ್ಪು ಹೊರಿಸಿದರೆ ಅಂಪೈರಿಗೆ ಬೀಳುವ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ಮತ್ತೆ ಗೆಲ್ಲುತ್ತಿದ್ದಾರಾ ಎಂದು ಕೇಳಬೇಡಿ. ಮೊದಲಿನ ಹಾಗೆಯೇ ಸೋಲುತ್ತಿದ್ದಾರೆ! ಹೋದ ವಾರ ಜಗಲಿಯಲ್ಲಿ ಅವರ ಪಕ್ಕ ಕೂತಿದ್ದಾಗ ಮೆಲ್ಲಗೆ ಹೇಳಿದೆ, "ಭಾವ, ನೀವು ನೋಡದಿದ್ರೂ ಸೋಲ್ತಾನೇ ಇದಾರೆ. ನಿಮ್ಮ ಕಣ್ಣಿಂದ ಏನೂ ಆಗಿಲ್ಲ. ಒಳಗೆ ಬಂದು ನೋಡಿ."

ಭಾವ ಕಿಟಕಿಯ ಕಡೆ ಕಿವಿ ಕೊಟ್ಟರು. ಒಳಗಿನಿಂದ ಅಕ್ಕನ ದನಿ ಏರುತ್ತಿತ್ತು, ಇಳಿಯುತ್ತಿತ್ತು.

"ನಂಗೂ ಗೊತ್ತು ಬಿಡ್ಲಾ," ಎಂದರು. "ಆದ್ರೆ ಅವಳು ಹೇಳೋದು ಕೇಳಾಕೆ ಚೆನ್ನಾಗೈತೆ."

ಈಗ ನನಗಿರುವುದು ಇಷ್ಟು: ಒಂದು ವರ್ಕ್‌ಶಾಪು, ಎರಡು ವೆಲ್ಡಿಂಗ್ ಮಷೀನು, ಒಂದು ಹಳೇ ಟೆಂಪೋ, ಹೆಂಡತಿ, ಒಬ್ಬಳು ಮಗಳು, ಒಬ್ಬಳು ಅಕ್ಕ, ಒಬ್ಬರು ಭಾವ, ಸೋಲುವ ಹಾಕಿ ಟೀಮು ಒಂದು.