ಊಟಿಯ ದೊಡ್ಡ ಕಿವಿಯೂ ಹೂಗ್ಯಂನ ಬಂಡೆಯೂ

ನಮ್ಮ ಬೀದಿಯವರು ನನ್ನನ್ನು ಸ್ವಾಭಿಮಾನಿ ಎನ್ನುತ್ತಾರೆ. ನನ್ನ ಹೆಂಡತಿ ಮಾದೇವಿ ಅದೇ ಗುಣಕ್ಕೆ ಬೇರೊಂದು ಹೆಸರಿಟ್ಟಿದ್ದಾಳೆ. ಅದನ್ನು ಅಚ್ಚಿಗೆ ಹಾಕಿಸುವುದು ಬೇಡ. ಆರನೇ ತರಗತಿಗೆ ಶಾಲೆ ಬಿಟ್ಟು ಅಪ್ಪನ ಮಗ್ಗಕ್ಕೆ ಕೂತವನು ನಾನು. ಕೊಳ್ಳೇಗಾಲದಲ್ಲಿ ನಾನು ನೇಯ್ದ ರೇಷ್ಮೆ ಸೀರೆಯಲ್ಲಿ ಎಳೆ ತಪ್ಪಿದೆ ಎಂದು ಬೆರಳು ತೋರಿಸಿದವರು ಈತನಕ ಹುಟ್ಟಿಲ್ಲ. ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ‘ದಯವಿಟ್ಟು’ ಎಂಬ ಮಾತನ್ನು ಬಸ್ಸಿನೊಳಗೆ ಬರೆದಿರುವುದನ್ನು ಓದಿದ್ದೇನೆಯೇ ಹೊರತು ಬಾಯಲ್ಲಿ ಆಡಿದ ನೆನಪಿಲ್ಲ. ಇಷ್ಟೆಲ್ಲ ಹೆಚ್ಚುಗಾರಿಕೆ ಇದ್ದೂ ಈಗ ನಾಲ್ಕು ತಿಂಗಳಿಂದ ಗಂಟುಗಂಟಾದ ಮುದ್ದೆಯನ್ನು ಒಬ್ಬನೇ ಕೂತು ನುಂಗುತ್ತಿದ್ದೇನೆ.

ಮಗಳನ್ನು ಹನೂರು ತಾಲ್ಲೂಕಿನ ಹೂಗ್ಯಂಗೆ ಕೊಟ್ಟಿದ್ದೇವೆ. ಎರಡನೇ ಹೆರಿಗೆ. ಬೀಗಿತ್ತಿಗೆ ಮಂಡಿನೋವು, ಎದ್ದರೆ ಕೂರಲಾರರು, ಕೂತರೆ ಏಳಲಾರರು. ಹಾಗಾಗಿ ಬಾಣಂತನಕ್ಕೆ ಮಾದೇವಿಯೇ ಹೊರಟಳು. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಅವಳು ಕಿಟಕಿಯಿಂದ ತಲೆ ಹೊರಹಾಕಿ, “ಒಬ್ರೇ ಇರ್ತೀರಲ್ಲ, ಎಂಗ್ರಿ?” ಎಂದಳು. ಸುತ್ತ ನಾಲ್ಕು ಜನ ನಿಂತಿದ್ದರು. ನಾಲ್ಕು ಜನ ನಿಂತಿರುವಾಗ ನನ್ನ ನಾಲಿಗೆ ನನ್ನದಾಗಿರುವುದಿಲ್ಲ. “ನಂಗೇನಮ್ಮಿ? ನೀ ಇಲ್ದಿದ್ರೆ ಮನೆ ಒಸಿ ತಣ್ಣಗಿರ್ತದೆ” ಎಂದುಬಿಟ್ಟೆ. ಬಸ್ಸಿನವರೆಲ್ಲ ನಕ್ಕರು. ಅವಳು ತಲೆ ಒಳಗೆ ಎಳೆದುಕೊಂಡಳು.

ಮನೆ ನಿಜವಾಗಿಯೂ ತಣ್ಣಗಾಯಿತು. ಮೊದಲೆಲ್ಲ ನಾನು ನೇಯುತ್ತಿದ್ದರೆ ಅವಳು ಪಕ್ಕದಲ್ಲಿ ಕೂತು ಲಾಳಿಗೆ ಬೇಕಾದ ನೂಲು ಸುತ್ತುತ್ತ ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಿದ್ದಳು. ಮಗ್ಗದ ಸದ್ದಿನಲ್ಲಿ ನನಗೆ ಕೇಳುತ್ತಿದ್ದದ್ದು ಅರೆಬರೆ. ಅಂದಾಜಿನ ಮೇಲೆ ಹೂಂ ಎನ್ನುತ್ತಿದ್ದೆ. ಆ ಹೂಂಗಳಲ್ಲಿ ಒಂದರಿಂದಾಗಿ ಅವಳ ತಮ್ಮ ನಮ್ಮ ಮನೆಯಲ್ಲಿ ಎರಡು ವರ್ಷ ಇದ್ದು ಹೋದ. ಈಗ ನಡುನಡುವೆ ಲಾಳಿ ನಿಲ್ಲಿಸಿ ಕಿವಿಗೊಡುತ್ತೇನೆ. ಪಕ್ಕದ ಮನೆಯ ಕುಕ್ಕರ್ ಕೂಗುತ್ತದೆ, ಅಷ್ಟೆ.

ಬಾ ಎಂದರೆ ಬಂದಾಳು. ಮಗುವೂ ಗಟ್ಟಿಯಾಗಿದೆ, ಮಗಳೂ ಎದ್ದು ಓಡಾಡುತ್ತಿದ್ದಾಳೆ. ಆದರೆ ಅಷ್ಟು ಜನರ ಎದುರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಹೂಗ್ಯಂನ ಅವರ ಮನೆ ಕಾಡಿನ ಅಂಚಿನಲ್ಲಿದೆ, ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಹೊಲದಾಚೆ ಒಂದು ಬಂಡೆಯಿದೆ, ಅದನ್ನು ಹತ್ತಿದರೆ ಸಿಗುತ್ತದೆ. ಭಾನುವಾರ ಮಧ್ಯಾಹ್ನ ಅವಳು ಬಂಡೆ ಹತ್ತಿ ಫೋನ್ ಮಾಡುತ್ತಾಳೆ. ನಾನು ವಾರವಿಡೀ ಆ ಫೋನಿಗೆ ಕಾದಿದ್ದು, ಬಂದ ಕೂಡಲೇ ಊಟ ಆಯ್ತು, ಕರೆಂಟ್ ಇದೆ, ಮಳೆ ಇಲ್ಲ ಎಂದು ವಾರ್ತೆ ಓದುತ್ತೇನೆ. “ಅಂಗಾರೆ ಇನ್ನೊಸಿ ದಿನ ಇದ್ದು ಬತ್ತೀನಿ” ಎನ್ನುತ್ತಾಳೆ. “ಇರು, ಇರು, ಅವಸರ ಏನದೆ” ಎನ್ನುತ್ತೇನೆ. ಫೋನ್ ಇಟ್ಟ ಮೇಲೆ ಗೋಡೆ ನೋಡುತ್ತೇನೆ.

ಹೀಗಿರುವಾಗ ನಮ್ಮ ಬೀದಿಯವರು ಟೆಂಪೋ ಮಾಡಿಕೊಂಡು ಊಟಿಗೆ ಹೊರಟರು. ಪಕ್ಕದ ಮಗ್ಗದ ಸಿದ್ದಪ್ಪ, “ಅಣ್ಣೋ, ಮನೇಲಿ ಕೂತ್ಕಂಡು ಯಾರ್ ಮಕ ನೋಡೀಯೆ, ನಡಿ” ಎಂದು ಎಳೆದುಕೊಂಡು ಹೋದ. ಜೊತೆಗೆ ಯಳಂದೂರಿನ ರಿಟೈರ್ಡ್ ಸೈನ್ಸ್ ಮೇಷ್ಟ್ರೊಬ್ಬರಿದ್ದರು. ಎಲ್ಲರೂ ಹೂವಿನ ತೋಟ, ದೋಣಿ ಎನ್ನುತ್ತಿದ್ದರೆ ಅವರದು ಒಂದೇ ಹಟ: ಊಟಿಯಾಚೆ ಕ್ಯಾರೆಟ್ ಹೊಲಗಳ ನಡುವೆ ಒಂದು ರೇಡಿಯೋ ದೂರದರ್ಶಕವಿದೆ, ದೇಶವಿದೇಶಕ್ಕೆಲ್ಲ ಹೆಸರಾದದ್ದು, ಅದನ್ನು ನೋಡದೆ ಹಿಂತಿರುಗಬಾರದು.

ದೂರದರ್ಶಕವೆಂದರೆ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಬಗ್ಗಿ ನೋಡುವ ಕೊಳವೆ ಎಂದುಕೊಂಡಿದ್ದೆ. ಯಾವ ಕಣ್ಣು ಮುಚ್ಚುವುದೆಂದು ದಾರಿಯಲ್ಲೇ ಅಭ್ಯಾಸ ಮಾಡಿಕೊಂಡೂ ಇದ್ದೆ. ಅಲ್ಲಿ ನೋಡಿದರೆ ಕೊಳವೆಯೂ ಇಲ್ಲ, ಗಾಜೂ ಇಲ್ಲ. ಗುಡ್ಡದ ಇಳಿಜಾರಿಗೆ ಒರಗಿಕೊಂಡು ಅರ್ಧ ಕಿಲೋಮೀಟರ್ ಉದ್ದದ ಕಬ್ಬಿಣದ ಚೌಕಟ್ಟುಗಳ ಸಾಲು. ಆ ತುದಿಯಿಂದ ಈ ತುದಿಗೆ ತೆಳ್ಳನೆಯ ಉಕ್ಕಿನ ತಂತಿಗಳು, ಒಂದರ ಪಕ್ಕ ಒಂದು, ಬಿಗಿಯಾಗಿ, ಬಿಸಿಲಿಗೆ ಮಿನುಗುತ್ತಿದ್ದವು. “ಲೇ ಸಿದ್ದ, ಆಸು ಆಕವ್ರೆ ಕಣ್ಲಾ!” ಎಂದೆ. ಮಗ್ಗಕ್ಕೆ ಉದ್ದಕ್ಕೆ ಎಳೆ ಕಟ್ಟುವುದನ್ನು ನಾವು ಹಾಸು ಎನ್ನುತ್ತೇವೆ. ಅಡ್ಡ ಎಳೆ ಹೊಕ್ಕು. ಇಲ್ಲಿ ಹಾಸು ಹಾಕಿ ಯಾರೋ ಎದ್ದುಹೋಗಿದ್ದಾರೆ, ಹೊಕ್ಕೇ ಇಲ್ಲ.

“ಮಗ್ಗ ನೋಡಕ್ಕೆ ಊಟಿಗಂಟ ಬರ್ಬೇಕಿತ್ತಾ ಅಣ್ಣ?” ಎಂದ ಸಿದ್ದಪ್ಪ.

ವಿವರಿಸಲು ಬಂದ ಹುಡುಗಿ ಮೈಸೂರಿನ ಕಡೆಯವಳು. ಮೊದಲು ಎಲ್ಲರಿಗೂ ಫೋನ್ ಆಫ್ ಮಾಡಲು ಹೇಳಿದಳು. ಗಂಟೆ ನೋಡಿದೆ. ಅಂದು ಭಾನುವಾರ, ಹೂಗ್ಯಂನಲ್ಲಿ ಮಾದೇವಿ ಬಂಡೆಯ ಕಡೆ ಹೊರಡುವ ಹೊತ್ತು.

“ಒಸಿ ಬುಟ್ಟು ಆಫ್ ಮಾಡ್ತೀನಿ ತಾಯಿ. ಒಂದ್ ಫೋನ್ ಬರೂದದೆ.”

“ಆಗಲ್ಲ ಸರ್. ಆಕಾಶದಿಂದ ಬರೋ ಅಲೆ ತುಂಬ ಸಣ್ಣದು. ನಮ್ಮ ಒಂದು ಫೋನು ಸಾಕು ಅದನ್ನ ಮುಚ್ಚಿಹಾಕೋಕೆ.”

ಆಫ್ ಮಾಡಿದೆ. ಮನಸ್ಸು ಮಾತ್ರ ಬಂಡೆ ಹತ್ತುತ್ತಲೇ ಇತ್ತು. ಹುಡುಗಿ ಒಳಗೆ ಕರೆದುಕೊಂಡು ಹೋಗಿ ಪರದೆಯ ಮೇಲೆ ನಡುಗುತ್ತಿದ್ದ ಒಂದು ಗೆರೆ ತೋರಿಸಿದಳು. ಅದೇ ಆ ಅಲೆ, ಬಹಳ ಬಹಳ ಹಿಂದೆ ಎಲ್ಲಿಂದಲೋ ಹೊರಟು ಈಗ ಬಂದು ತಲುಪುತ್ತಿದೆಯಂತೆ.

“ನಮ್ ಊಗ್ಯಂ ಬಸ್ ಇದ್ದಂಗೆ ಅನ್ನಿ” ಎಂದ ಸಿದ್ದಪ್ಪ. ಮೇಷ್ಟ್ರು ಅವನನ್ನು ದುರುಗುಟ್ಟಿ ನೋಡಿದರು.

“ನೀವು ಇಲ್ಲಿಂದ ಏನ್ ಕಳುಸ್ತೀರಿ ಅವ್ರಿಗೆ?” ಎಂದು ನಾನು ಕೇಳಿದೆ.

“ಏನೂ ಕಳಿಸಲ್ಲ ಸರ್. ಬರೋದನ್ನ ಕೇಳಿಸ್ಕೋತೀವಿ, ಅಷ್ಟೇ. ನಾವು ಸುಮ್ಮನಿದ್ದಷ್ಟೂ ಚೆನ್ನಾಗಿ ಕೇಳ್ಸುತ್ತೆ.”

ಈ ಮಾತು ನನಗೆ ಬಲು ಹಿಡಿಸಿತು. ಅದರಲ್ಲಿ ವಿಜ್ಞಾನ ಎಷ್ಟಿದೆಯೋ ಕಾಣೆ, ನನ್ನ ಮಾನ ಉಳಿಸುವ ಉಪಾಯವಂತೂ ಇತ್ತು. ಇನ್ನು ವಾರ್ತೆ ಓದುವುದು ಬೇಡ. ಸುಮ್ಮನೆ ಕೇಳುತ್ತ ಕೂತರೆ ಅವಳೇ ಬರುತ್ತೇನೆ ಎಂದರೂ ಎಂದಾಳು. ನಾನು ಬಾ ಎಂದಂತೆಯೂ ಆಗುವುದಿಲ್ಲ.

ಹೊರಗೆ ಬಂದು ರಸ್ತೆಬದಿಯ ಟೀ ಅಂಗಡಿಯಲ್ಲಿ ಫೋನ್ ಆನ್ ಮಾಡಿದೆ. ಲೋಟಕ್ಕೆ ಟೀ ಬೀಳುವಷ್ಟರಲ್ಲಿ ರಿಂಗಾಯಿತು.

“ಅಲೋ, ಏನ್ರಿ, ಎಲ್ಲಿದ್ದೀರಿ? ಆಗ್ಲಿಂದ ಮಾಡ್ತಾವ್ನಿ, ಸ್ವಿಚ್ ಆಫ್ ಅಂತದೆ.”

ನಾನು ಸುಮ್ಮನಿದ್ದೆ. ಬಂಡೆಯ ಮೇಲಿನ ಗಾಳಿ ಕೇಳಿಸಿತು. ಎಲ್ಲೋ ಮೇಕೆಯ ಕೊರಳ ಗಂಟೆ. ಹತ್ತಿ ಬಂದ ಸುಸ್ತಿಗೆ ಏರಿಳಿಯುತ್ತಿದ್ದ ಅವಳ ಉಸಿರು. ಮೂವತ್ತು ವರ್ಷ ಮಗ್ಗದ ಪಕ್ಕದಲ್ಲೇ ಇದ್ದ ಆ ಉಸಿರನ್ನು ಒಂದು ದಿನವೂ ಕೇಳಿರಲಿಲ್ಲ. ಇನ್ನೂ ಕೇಳೋಣ ಎನಿಸಿತು.

“ಅಲೋ... ಅಲೋ... ಲೈನ್ ಓಯ್ತು ಕನವ್ವ” ಎಂದಳು, ಪಕ್ಕದಲ್ಲಿದ್ದ ಮಗಳಿಗೆ. “ನಿಮ್ಮಪ್ಪ ಇದ್ದಿದ್ರೆ ಇಷ್ಟೊತ್ಗಂಟ ಸುಮ್ನಿರೋರಾ?”

“ಇನ್ನೊಂದ್ ಸಲ ಮಾಡವ್ವ.”

“ಮಾಡಿ ಏನ್ ಮಾಡೂದು? ಊಟ ಆಯ್ತು, ಕರೆಂಟ್ ಅದೆ ಅಂತಾರೆ. ಬಾ ಅಂತ ಒಂದ್ ಸಲ ಅಂದಿದ್ರೆ ಓದ ತಿಂಗ್ಳೇ ಬಸ್ ಅತ್ತಿರ್ತಿದ್ದೆ. ಕರೀದೆ ಎಂಗ್ ಓಗ್ಲಿ? ಬಾಯ್ಬುಟ್ಟು ಕರೀಲಿ. ನಂಗೂ ಮಾನ ಇಲ್ವಾ?”

ನಾನು ಬಾಯಿ ತೆರೆದೆ. ಆಗಷ್ಟೇ ಗುಟುಕರಿಸಿದ್ದ ಟೀ ಗಂಟಲಿಗೆ ಅಡ್ಡ ಬಂತು. ಕೆಮ್ಮಿ ಮುಗಿಯುವಷ್ಟರಲ್ಲಿ ಆ ಕಡೆ ಏನೂ ಇರಲಿಲ್ಲ. ಬಂಡೆ ಇಳಿಯುತ್ತಿದ್ದಾಳೆ ಎಂದು ಹೊಳೆದು ನಂಬರ್ ಒತ್ತಿ ಕಿವಿಗಿಟ್ಟೆ. ಹೆಣ್ಣುಧ್ವನಿ ಕೇಳಿದ್ದೇ ತಡ, ಟೀ ಅಂಗಡಿಯಲ್ಲಿ ಎಷ್ಟು ಜನ ಇದ್ದಾರೆಂದೂ ನೋಡದೆ ಕೂಗಿಬಿಟ್ಟೆ: “ಬಂದ್ಬುಡು ಕನಮ್ಮಿ! ನೀ ಇಲ್ದೆ ಮನೇಲಿ ಇರಕಾಯ್ತಾ ಇಲ್ಲ, ದಯವಿಟ್ಟು ಬಾ!”

ಆ ಹೆಂಗಸು ನನ್ನ ಮಾತಿಗೆ ಅಡ್ಡ ಬರದೆ, ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ತನ್ನ ಪಾಡಿಗೆ ಹೇಳಿ ಮುಗಿಸಿದಳು.

ಅಂಗಡಿಯಲ್ಲಿ ಎಲ್ಲರೂ ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದರು. ಸಿದ್ದಪ್ಪ ಹತ್ತಿರ ಬಂದು ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ ಕೇಳಿದ: “ಏನಂದ್ರಣ್ಣ ಅತ್ತಿಗೆ?”

ಎದೆಯುಬ್ಬಿಸಿ ಫೋನನ್ನು ಜೇಬಿಗಿಳಿಸಿದೆ. “ಸ್ವಲ್ಪ ಸಮಯದ ನಂತರ ಪ್ರಯತ್ನ ಮಾಡು ಅಂದ್ಲು ಕಣ್ಲಾ” ಎಂದೆ.