ಸಿದ್ದಲಿಂಗವ್ವನ ದವಡೆ ಹಲ್ಲು

ಇಳಕಲ್ಲಿನ ನೇಕಾರರ ಓಣಿಯಲ್ಲಿ ಮಗ್ಗಗಳು ಬಾಯಿ ಮುಚ್ಚುವುದು ಅಮಾವಾಸ್ಯೆಗೆ ಮಾತ್ರ. ಎಂಬತ್ತಾರನೇ ಇಸವಿಯ ಆ ಅಮಾವಾಸ್ಯೆಯನ್ನು ಸಂಗಯ್ಯ ಮತ್ತು ಜಲಾಲುದ್ದೀನ ಅದಕ್ಕೇ ಕಾದು ಹಿಡಿದಿದ್ದರು. ಹಳೆಯ ಹಾಡುಗಳನ್ನೇ ಹೊಸದಾಗಿ ಹಾಡಿ ಕ್ಯಾಸೆಟ್ ಮಾಡಬೇಕು. ದನಿ ಸಂಗಯ್ಯನದು, ಕರೆಂಟಿನ ಕೀಬೋರ್ಡು ಜಲಾಲುದ್ದೀನನದು. ಸಂಜೆ ಕ್ಯಾಸೆಟ್ ಅಂಗಡಿಯ ಅಂದಪ್ಪ ಒಪ್ಪಿದರೆ ಬದುಕಿದರು. ಇಲ್ಲವಾದರೆ ಮತ್ತೆ ಮದುವೆ ಬ್ಯಾಂಡಿನವರ ಹಿಂದೆ ಬಿಸಿಲಲ್ಲಿ ನಡೆಯಬೇಕು.

ಹಿಂದಿನ ದಿನ ಟೇಪು ಪರೀಕ್ಷಿಸಲೆಂದು ಕ್ಯಾಸೆಟ್ಟಿನ ಒಂದು ಬದಿಗೆ ಒಂದು ಹಾಡು ಹಾಡಿದ್ದರು. ಪಕ್ಕದ ಮನೆಯ ಸಿದ್ದಲಿಂಗವ್ವನ ಮಗ್ಗದ ಖಟಖಟ ಅದರ ತುಂಬ ಸೇರಿಕೊಂಡಿತ್ತು. ಹಾಳಾಯಿತೆಂದು ಬಿಟ್ಟಿದ್ದರು.

ಈಗ ಮಗ್ಗ ನಿಂತಿತ್ತು. ಆದರೆ ಸಂಗಯ್ಯ ಬಾಯಿ ತೆರೆಯುತ್ತಲೇ ಗೋಡೆಯಾಚೆ "ಸತ್ನೆಪಾ ಯವ್ವಾ!" ಎಂದು ನರಳಾಟ. ಸಿದ್ದಲಿಂಗವ್ವನಿಗೆ ಎರಡು ದಿನದಿಂದ ಹಲ್ಲುನೋವು. ಕೆಲಸದಲ್ಲಿ ಮರೆತದ್ದು ಬಿಡುವಿನಲ್ಲಿ ನೆನಪಾಗಿತ್ತು.

ಕೆಲಸವಿಲ್ಲದ ಓಣಿಗೆ ಓಣಿಯೇ ಅಲ್ಲಿ ನೆರೆಯಿತು. "ಲವಂಗ ಇಡ್ರಿ" ಎಂದಳು ಶಮಶಾದಬಿ. "ಲವಂಗಾ ಯಾಕ? ಹಲ್ಲಿಗೆ ದಾರಾ ಕಟ್ಟಿ ಬಾಗಲಾ ಬಡೀರಿ" ಎಂದ ಹುಲ್ಲಪ್ಪ. ಅದನ್ನು ಕೇಳಿ ಸಿದ್ದಲಿಂಗವ್ವ ಇನ್ನೂ ಜೋರಾಗಿ ಕೂಗಿದಳು.

"ಲೇ ಸಂಗ್ಯಾ, ಈಕಿ ದನಿ ನನ್ನ ಕೀಬೋರ್ಡಿಗಿಂತಾ ಮ್ಯಾಲೈತಲೇ!" ಎಂದು ಜಲಾಲುದ್ದೀನ ತಲೆ ಹಿಡಿದುಕೊಂಡ.

"ಏಳ ಚಿಗವ್ವ, ದವಾಖಾನಿಗೆ ಹೋಗೂನು" ಎಂದು ಸಂಗಯ್ಯ ಆಕೆಯನ್ನು ಟಾಂಗಾದಲ್ಲಿ ಕೂರಿಸಿಕೊಂಡು ಹೋಗಿ, ಹಲ್ಲು ಕೀಳಿಸಿಯೇ ಕರೆತಂದ. ಆಕೆ ಕೂಸಿನಂತೆ ಮಲಗಿದಳು. ಇಬ್ಬರೂ ಕ್ಯಾಸೆಟ್ಟಿನ ಇನ್ನೊಂದು ಬದಿ ತುಂಬುವಷ್ಟು ಹಾಡಿದರು.

ಸಂಜೆ ಅಂದಪ್ಪ ಮೊದಲ ಹಾಡಿಗೇ ಆಕಳಿಸಿದ. "ಉಪ್ಪಿಲ್ಲದ ಸಾರು ಇದ್ದಂಗ ಐತಿ ತಮ್ಮಾ." ಸಂಗಯ್ಯನ ಮುಖ ಬಾಡಿತು. ಅಂದಪ್ಪ ಸುಮ್ಮನೆ ಕ್ಯಾಸೆಟ್ ಹೊರಳಿಸಿ ಹಾಕಿದ. ಖಟಖಟ ಶುರುವಾಯಿತು. ಅವನ ಕಾಲು ತಾನಾಗಿ ಕುಣಿಯಿತು.

"ಇದ ನೋಡ್ರಿ! ಈ ತಾಳದ ಮಶೀನ ಎಲ್ಲಿಂದ ತಂದ್ರಿ? ಎಲ್ಲಾ ಹಾಡೂ ಹಿಂಗ ಮಾಡಿ ಕೊಡ್ರಿ, ತಗೋತೇನಿ."

ಸಂಗಯ್ಯನಿಗೆ ಹೋದ ಜೀವ ಬಂದಂತಾಯಿತು. ಸದ್ಯ, ಬ್ಯಾಂಡೂ ಇಲ್ಲ, ಬಿಸಿಲೂ ಇಲ್ಲ! ಇಬ್ಬರೂ ನಗುತ್ತಲೇ ಸಿದ್ದಲಿಂಗವ್ವನ ಮನೆಗೆ ಓಡಿದರು.

"ಚಿಗವ್ವ, ನಾಳಿ ನೀ ಮಗ್ಗಾ ನಡಸು, ನಾವು ಹಾಡ್ತೇವಿ. ನಿನ್ನಿ ಆತಲ್ಲ, ಹಂಗ."

"ಅದಕ್ಕೇನ ತಮ್ಮಾ! ನಿನ್ನಿ ಹಲ್ಲುಬ್ಯಾನಿಗೆ ಬಾಯಿ ಮುಚ್ಕೊಂಡು ನೇದು ಸಾಕಾಗಿತ್ತು. ಹಾಡದಿದ್ರ ನನ್ನ ಕಾಲ ಆಡೂದಿಲ್ಲ ನೋಡು. ನೀ ಹಲ್ಲ ಕೀಳಿಸಿ ಪುಣ್ಯಾ ಕಟ್ಕೊಂಡಿ."

ಎಂದವಳೇ ಕೆಮ್ಮಿ, ಗಂಟಲು ಸರಿಮಾಡಿಕೊಂಡು ರಾಗ ಎತ್ತಿದಳು. ಓಣಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು.

ಜಲಾಲುದ್ದೀನ ಸಂಗಯ್ಯನ ಕಿವಿಯಲ್ಲಿ ಕೇಳಿದ: "ಆ ಹಲ್ಲು ಎಲ್ಲಿ ಒಗದೀಯೋ? ತಿರುಗಿ ಹಚ್ಚಾಕ ಬರತೈತೇನು?"